ನೀರಿನ ಕಡೆಯ ಕಲ್ಲು

ಹುಲ್ಲು ಮರಳಿದ ತೊಂಬತ್ತೊಂದನೆಯ ವರ್ಷ, ಉತ್ತರೆ ಮಳೆಯ ಮೂರನೆಯ ದಿನ

ಏಳು ತಲೆಮಾರು ಮೊದಲೇ ಹೊರಟವರಿಗೆ,

ಈ ತಾರೀಖು ನಿಮ್ಮ ಯಾವ ಪಂಚಾಂಗದಲ್ಲೂ ಸಿಗದು. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು, ಮನ್ನಿಸಿ. ನೀವು ರೋಣ, ನರಗುಂದ ಎನ್ನುತ್ತಿದ್ದ ಎರೆಭೂಮಿಯನ್ನು ನಾವು ಹುಲ್ಗಡಲು ಎನ್ನುತ್ತೇವೆ. ಅಲ್ಲಿ ಬೇಲಿಯಿಲ್ಲ, ಊರಿಲ್ಲ. ಕುರಿ ಕಾಯುವವರು ಕರಿಕಂಬಳಿಯ ಡೇರೆಗಳೊಡನೆ ಅಲೆಯುತ್ತಾರೆ. ಅವರ ಬದುಕನ್ನು ಓದಿ ಕವಿತೆ ಬರೆಯಲೆಂದು ಬಂದು, ಎಪ್ಪತ್ತು ದಾಟಿದ ಮಾಳವ್ವನ ಡೇರೆಯಲ್ಲಿ ನಾನು ಒಂದು ತಿಂಗಳಿದ್ದೆ. ಮಳೆ ಬಿದ್ದರೆ ಆ ಕಂಬಳಿಯ ಎಳೆಗಳು ಉಬ್ಬಿ ತೂತು ಮುಚ್ಚುತ್ತವೆ. ಬಿಸಿಲಾದರೆ ಸಡಿಲಗೊಂಡು ಗಾಳಿ ಬಿಡುತ್ತವೆ. ಅಷ್ಟು ತಿಳಿವಳಿಕೆಯ ಮನೆಯಲ್ಲಿ ನಾನು ಹಿಂದೆಂದೂ ಮಲಗಿರಲಿಲ್ಲ. ಒಂದು ಮರಿ ನನ್ನ ಕವಿತೆಯ ಪುಸ್ತಕದ ಅಂಚು ತಿಂದಾಗ ಮಾಳವ್ವ, "ನಿನ್ನ ಪದಾ ಬಾಳ ರುಚಿ ಅದಾವ ನೋಡ, ತಂಗಿ" ಎಂದಳು.

ಡೇರೆ ಕಿತ್ತ ಬೆಳಿಗ್ಗೆ ಅವಳು ದೂರದಿಂದ ಕೂಗಿದಳು: "ಓಲಿ ಮುಟ್ಟಬ್ಯಾಡ." ಅವರ ಬಾಯಲ್ಲಿ ಅಡುಗೆಯ ಒಲೆ ಒಲಿಯಾಗುತ್ತದೆ, ಬರೆದು ಕಳಿಸುವ ಓಲೆ ಓಲಿಯಾಗುತ್ತದೆ. ಗಾಳಿಯಲ್ಲಿ ದೀರ್ಘ ನನಗೆ ಹ್ರಸ್ವವಾಗಿ ಕೇಳಿತು. ಒಲೆ ಸುಡುತ್ತದೆಂದು ಎಚ್ಚರಿಸುತ್ತಿದ್ದಾಳೆ ಅಂದುಕೊಂಡೆ. ಆರಿದ ಮೇಲೆ ಬೂದಿ ಗುಡಿಸಿ, ಆಚೆ ಸರಿದಿದ್ದ ಒಂದು ಕಲ್ಲನ್ನೂ ತಂದು, ಒಲೆಯ ಮೂರು ಕಲ್ಲುಗಳನ್ನೂ ಚೊಕ್ಕವಾಗಿ ಒಂದೆಡೆ ಪೇರಿಸಿ ಹೊರಟೆ.

ಮಧ್ಯಾಹ್ನ ನೀರಿನ ಬಳಿ ಹೊಸ ಡೇರೆ ಎದ್ದಾಗ ಅದನ್ನು ಹೆಮ್ಮೆಯಿಂದ ಹೇಳಿದೆ. ರೊಟ್ಟಿ ಬಡಿಯುತ್ತಿದ್ದ ಮಾಳವ್ವನ ಕೈ ನಿಂತಿತು. ಹೋಗುವವರು ಎರಡು ಕಲ್ಲು ಜೋಡಿಸಿಟ್ಟು, ಮೂರನೆಯದನ್ನು ನೀರಿರುವ ದಿಕ್ಕಿಗೆ ಒಂದು ಹೆಜ್ಜೆ ದೂರ ಇಡುತ್ತಾರೆ. ಹಿಂದೆ ಬರುವವರಿಗೆ ಅದೇ ಓಲೆ. ಹಿಂದೆ ಬರುತ್ತಿದ್ದವಳು ಅವಳ ಮಗಳು ಬೀರವ್ವ, ಗಬ್ಬದ ಮುನ್ನೂರು ಕುರಿಗಳೊಂದಿಗೆ. ದಿಕ್ಕು ತಪ್ಪಿದರೆ ಸಿಗುವುದು ನಿಮ್ಮ ಕಾಲದಿಂದ ಉಳಿದ ವಿಷದ ಹೊಂಡ. ಅದನ್ನು ಕುಡಿದರೆ ಹೊಟ್ಟೆಯ ಮರಿ ಉಳಿಯದು.

"ಓದಾಕ ಬಂದಾಕಿ ಓಲೀನ ಅಳಿಸಿ ಬಂದಿಯಲ್ಲ," ಎಂದಳು. ಬೈದದ್ದು ಅಷ್ಟೇ. ರೊಟ್ಟಿ ಕಟ್ಟಿಕೊಂಡು ನನ್ನೊಡನೆ ಅರ್ಧ ದಿನದ ದಾರಿ ಹಿಂದಕ್ಕೆ ನಡೆದಳು. ಮೂರನೆಯ ಕಲ್ಲನ್ನು ನನ್ನ ಕೈಯಿಂದಲೇ ಇಡಿಸಿ, ಕಾಲ್ಬೆರಳಿನಿಂದ ಒಂದಿಷ್ಟು ಸರಿಸಿದಳು.

ಮೂರನೆಯ ದಿನ ನೀರಿನ ಬಳಿಯ ನಮ್ಮ ಡೇರೆಗೆ ಕುರಿಗಳ ದನಿ ಕೇಳಿತು. ಒಂದೂ ಕಡಿಮೆಯಿರಲಿಲ್ಲ. ಬೀರವ್ವ ತಾಯಿಯನ್ನು ಕೇಳಿದ ಮೊದಲ ಮಾತು: "ಯಾರಬೇ ಓಲಿ ಬರದಾಕಿ? ಅಕ್ಷರ ಹೊಸಾವು ಕಾಣತಾವ."

ನೀವು ನಮಗಿಂತ ಮುಂಚೆ ಡೇರೆ ಕಿತ್ತವರು. ಸ್ಥಳವನ್ನು ಚೊಕ್ಕಮಾಡಿ ಹೋಗಿ ಎಂದು ನಾನು ಕೇಳುತ್ತಿಲ್ಲ. ನೀರಿನ ಕಡೆಗೊಂದು ಕಲ್ಲು ಇಟ್ಟು ಹೋಗಿ.

ಇಂತಿ,
ನಿಮ್ಮ ಹಿಂದೆ ಬರುತ್ತಿರುವ
ಮೈತ್ರಾದೇವಿ