ಗೋಡೆಯ ಮೇಲಿನ ಹದಿನಾಲ್ಕು ಗೆರೆ

ಗೊಲ್ಲರಹಟ್ಟಿ, ಕೊರಟಗೆರೆ ತಾಲ್ಲೂಕು
24-10-1983

ಪ್ರೀತಿಯ ತಮ್ಮ ಯತ್ತಪ್ಪನಿಗೆ,

ನಿನ್ನ ಅಕ್ಕ ಗೌರಕ್ಕನ ಆಶೀರ್ವಾದ. ಎದೆ ಹೊಡೆದುಕೊಳ್ಳುವುದು ಈಗ ಹೇಗಿದೆ? ಊಟ ಸೇರುತ್ತಿದೆಯಾ? ನಿಡುಗಲ್ಲಿನ ಬಿಸಿಲಲ್ಲಿ ಮಾವನ ಕುರಿಗಳ ಹಿಂದೆ ಅಲೆಯುವವನು ತಲೆಗೆ ವಸ್ತ್ರ ಸುತ್ತಿಕೋ. ಕೆಮ್ಮಿಗೆಂದು ಅತ್ತೆ ಅರಿಷ್ಟ ಕೊಟ್ಟರೆ ಬೇಡ ಅನ್ನು. ಅದರಲ್ಲೂ ಮದ್ಯದ ಅಂಶ ಇರುತ್ತದಂತೆ.

ಇಲ್ಲಿ ಕರಿಕುರಿ ಅವಳಿ ಮರಿ ಹಾಕಿದೆ. ಒಂದಕ್ಕೆ ನಿನ್ನ ಹಾಗೆಯೇ ಸೊಟ್ಟ ಕಿವಿ. ಅಮ್ಮ ಉಣ್ಣುವ ಹೊತ್ತಿಗೆ ನಿನ್ನ ಗಂಗಳವನ್ನೂ ತೊಳೆದಿಟ್ಟು, ಆಮೇಲೆ ಬೋರಲು ಹಾಕುತ್ತಾಳೆ. ನೀನು ಹೋದ ಮೇಲೆ ನಾನು ಮಜ್ಜಿಗೆ ಕಡೆಯುವುದನ್ನೇ ಬಿಟ್ಟಿದ್ದೇನೆ. ದೀಪಾವಳಿಗೆ ಸುಣ್ಣ ಬಳಿದೆವು. ನೀನು ಇದ್ದಿಲಲ್ಲಿ ಗೆರೆ ಎಳೆದ ಗೋಡೆಗೆ ಮಾತ್ರ ಕುಂಚ ಮುಟ್ಟಿಸಲು ನಾನು ಬಿಡಲಿಲ್ಲ.

ಕುಡಿದರೆ ಮೈಗೆ ಒಗ್ಗದಂತೆ ಮಾಡುವ ಆ ಮಾತ್ರೆಯನ್ನು ವರ್ಷವಿಡೀ ತಪ್ಪದೆ ನುಂಗಿದವನು ನೀನು. ಆದರೆ ಹಿರಿಯರ ಹಬ್ಬ ಬಂತಲ್ಲ. ಅಪ್ಪನಿಗೆ ಪ್ರಿಯವಾಗಿದ್ದ ಸಾರಾಯಿ ಎಡೆಗಿಡಬೇಕು, ಹಿರೀಮಗ ಅದರಲ್ಲಿ ಒಂದು ಗುಟುಕು ಕುಡಿಯಬೇಕು, ಆಮೇಲೆಯೇ ಮನೆಯವರಿಗೆ ಊಟ. ಈ ಸಲ ಬೇಡವೋ ಎಂದರೆ, "ಅಪ್ಪ ಹಸ್ಕೊಂಡು ವಾಪಸ್ ಹೋಗ್ಬೇಕಾ? ಒಂದೇ ಗುಟುಕು ಕಣಕ್ಕ" ಅಂದೆ. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರ ಒಂದು ಹನಿ ಮುಟ್ಟಬಾರದು ಎಂದು ಡಾಕ್ಟರು ಹೇಳಿದ್ದನ್ನೇ ಲೆಕ್ಕ ಹಿಡಿದು, ಹದಿನಾಲ್ಕು ದಿನ ಮೊದಲೇ ನಿಲ್ಲಿಸಿ ದಿನಕ್ಕೊಂದು ಗೆರೆ ಎಳೆದೆ. ಉಳಿದ ಮಾತ್ರೆ ನನ್ನ ಕೈಗಿಟ್ಟು, "ನಿನ್ ತಾವ್ಲೇ ಇರ್ಲಿ, ಹಬ್ಬ ಆದ್ಮ್ಯಾಲೆ ಕೊಡೀವಂತೆ" ಅಂದೆ.

ಆ ಗುಟುಕು ಒಳಗಿಳಿದು ಸ್ವಲ್ಪ ಹೊತ್ತಿಗೇ ನಿನ್ನ ಮುಖ ಕೆಂಡವಾಯಿತು. ಎಡೆಯ ಮುಂದೆಯೇ ವಾಂತಿ. ಉಸಿರು ಸಿಗದೆ ಒದ್ದಾಡಿದೆ. ಆಸ್ಪತ್ರೆಯಲ್ಲಿ ಡಾಕ್ಟರು, "ನಿನ್ನೆವರೆಗೂ ಮಾತ್ರೆ ನುಂಗಿದೀಯ. ಯಾಕಯ್ಯಾ ಸುಳ್ಳು ಹೇಳ್ತೀಯ?" ಎಂದು ಗದರಿದರು. "ಇಲ್ಲ ಸ್ವಾಮಿ, ಬೇಕಾದ್ರೆ ನಮ್ಮಕ್ಕನ್ನ ಕೇಳಿ" ಎಂದು ನೀನು ನನ್ನ ಕಡೆ ತಿರುಗಿದೆ. ನಾನು ಕೈಯಲ್ಲಿದ್ದ ಚೊಂಬಿನ ನೀರನ್ನೇ ನೋಡುತ್ತ ನಿಂತಿದ್ದೆ. ಹಟ್ಟಿಯವರಂತೂ ಅಪ್ಪನ ಹೆಸರು ಹಿಡಿದು "ದಾಸಣ್ಣ ಮಗನ ಎಡೆ ಒದ್ದವ್ನೆ ಕಣ್ಲಾ" ಎಂದುಬಿಟ್ಟರು. ನೀನೂ ಅದನ್ನೇ ನಂಬಿ, "ಅಪ್ಪಂಗೇ ನಾನು ಬ್ಯಾಡಾದ್ ಮ್ಯಾಲೆ ಯಾರಿಗೋಸ್ಕರ ಕುಡಿಯಾದು ಬುಡ್ಲಿ?" ಎಂದು ಹೊರಟುಹೋದೆ. ಸಂಜೆಯಾದರೆ ಈಚಲ ಮರಗಳ ಕಡೆ ಹೋಗಿ ನಿಲ್ಲುತ್ತೀಯಂತೆ, ಮಾವ ಬರೆಸಿದ್ದಾರೆ. ಕುಡಿದೆಯೋ ಇಲ್ಲವೋ ಅವರು ಬರೆಸಿಲ್ಲ.

ನಾಲ್ಕು ದಿನದ ಹಿಂದೆ ಮಧುಗಿರಿಗೆ ಹೋಗಿ ಮಾತ್ರೆ ಬರೆದುಕೊಟ್ಟ ಡಾಕ್ಟರನ್ನು ಕಂಡೆ. ನೀನು ಬಂದರೆ ಮೊದಲು ಎದೆ ಪರೀಕ್ಷೆ ಮಾಡುತ್ತಾರಂತೆ. ಕುಡಿದಿದ್ದರೆ ಮುಚ್ಚಿಡದೆ ಹೇಳಬೇಕು. ಪೂರ್ತಿ ಒಂದು ದಿನವಾದರೂ ಕಳೆಯದೆ ಮಾತ್ರೆ ಮುಟ್ಟುವಂತಿಲ್ಲ. ಮಾತ್ರೆ ತೆಗೆದುಕೊಳ್ಳುವವನೆಂದು ಬರೆದ ಚೀಟಿ ಯಾವಾಗಲೂ ಜೇಬಿನಲ್ಲಿರಬೇಕು. ನುಂಗುವುದಾದರೆ ನಿನಗೆ ಗೊತ್ತಿದ್ದು, ನೀನೇ ಒಪ್ಪಿ, ನಿನ್ನ ಕೈಯಾರೆ ನುಂಗಬೇಕು. ಈ ಮಾತನ್ನು ಅವರು ಮೂರು ಸಲ ಹೇಳಿದರು.

ಮಾವನಿಗೂ ಅತ್ತೆಗೂ ನಮಸ್ಕಾರ ತಿಳಿಸು. ನೂರು ಕಾಲ ಬಾಳು ನನ್ನಪ್ಪ.

ಇತಿ ನಿನ್ನ ಅಕ್ಕ,
ಗೌರಕ್ಕ

ಮರೆತಿದ್ದೆ ಅಂತ ಬರೆದರೆ ಸುಳ್ಳಾಗುತ್ತದೆ. ಇದೊಂದನ್ನು ಬರೆಯಲಾರದೆಯೇ ಕುರಿಮರಿಯ ಸುದ್ದಿ ಬರೆದೆ. ಆ ಹದಿನಾಲ್ಕು ದಿನವೂ ಮಾತ್ರೆ ಅರೆದು ನಿನ್ನ ಮಜ್ಜಿಗೆಗೆ ಹಾಕಿದವಳು ನಾನು. ಒಂದು ಗುಟುಕಿಗೆ ನೀನು ನಿಲ್ಲುವುದಿಲ್ಲ ಎಂದು ಹೆದರಿದ್ದೆ. ವಾಂತಿಯಾದರೆ ಬುದ್ಧಿ ಬರುತ್ತದೆ ಅಂದುಕೊಂಡೆ, ಜೀವಕ್ಕೇ ಕುತ್ತು ಬರುತ್ತದೆಂದು ತಿಳಿದಿರಲಿಲ್ಲ. ಡಾಕ್ಟರಿಗೂ ಅಮ್ಮನಿಗೂ ಹೇಳಿದ್ದೇನೆ. ಅಮ್ಮ ಮೂರು ದಿನದಿಂದ ನನ್ನ ಜೊತೆ ಮಾತಾಡಿಲ್ಲ. ನೀನೂ ಆಡಬೇಡ, ಆದರೆ ಬಾ. ನಿನ್ನ ಗೆರೆ ಸರಿಯಾಗೇ ಇವೆ, ಹದಿನಾಲ್ಕು. ಅಪ್ಪ ನಿನ್ನ ಎಡೆ ಒಲ್ಲೆ ಅನ್ನಲಿಲ್ಲ ಕಣೋ.