ಚೆಕ್ಕಿನ ಹಿಂಬದಿ

ಮನೆ, ಹಿಂದಿನ ಕೋಣೆ
ಮಾರ್ಚ್ ೯, ಸೋಮವಾರ

ಪ್ರೀತಿಯ ಗುಬ್ಬೀ,

ಕಳೆದ ಮೇ ತಿಂಗಳಿನಿಂದ ಈ ಫೆಬ್ರವರಿಯವರೆಗೆ ನೀನು ಕಳಿಸಿದ ಹತ್ತು ಕಂತುಗಳಲ್ಲಿ ಒಂದು ಬಿಡಿಗಾಸೂ ಅಮ್ಮನ ಕಣ್ಣಿನ ಸಾಲಕ್ಕೆ ಸಂದಿಲ್ಲ. ಮೊದಲು ನಿನ್ನ ಆರೋಗ್ಯ ವಿಚಾರಿಸಬೇಕಿತ್ತು; ಸಿಟ್ಟು ಸಾಲು ಮುರಿದು ಮುಂದೆ ಬಂತು. ಹೇಗಿದ್ದೀಯ? ಹಡಗಿನ ಹೊಯ್ದಾಟಕ್ಕೆ ನರ್ಸಮ್ಮನಿಗೇ ವಾಂತಿಯಾಗುವುದು ನಿಂತಿತೆ? ಅಮ್ಮ ಆರಾಮಾಗಿದ್ದಾಳೆ. ಸೂಜಿಗೆ ದಾರ ತಾನೇ ಪೋಣಿಸುತ್ತಾಳೆ. ನನ್ನ ಗಡ್ಡದ ಬಿಳಿ ಕೂದಲು ಎಣಿಸಿ, "ಕಣ್ಣು ಬಂದಿದ್ದು ಇದನ್ನ ನೋಡೋಕಾ" ಎಂದು ಹಂಗಿಸುತ್ತಾಳೆ. ಕಣ್ಣಿನ ಸಾಲ ತೀರಿದರೆ ಏಪ್ರಿಲ್‌ನಲ್ಲಿ ಮನೆಗೆ, ಇಲ್ಲದಿದ್ದರೆ ಹಡಗಿನಲ್ಲೇ ಇನ್ನೆರಡು ವರ್ಷದ ಕರಾರಿಗೆ ಸಹಿ ಎಂದು ನೀನು ಬರೆದದ್ದನ್ನು ಅವಳಿಗೆ ಅರ್ಧ ಮಾತ್ರ ಓದಿ ಹೇಳಿದ್ದೇನೆ.

ನಿನ್ನ ಹೆಸರಿನ ಕ್ರೆಡಿಟ್ ಕಾರ್ಡಿನ ಮೇಲೆ ಎರಡು ಸಾಲವಿತ್ತಲ್ಲ. ನಿನ್ನ ಓದಿನ ಎಂಬತ್ತು ಸಾವಿರ, ಬೇರೆ ಬ್ಯಾಂಕಿನಿಂದ ಇದಕ್ಕೆ ಬದಲಾಯಿಸಿಕೊಂಡದ್ದು; ಅದಕ್ಕೆ ವರ್ಷಕ್ಕೆ ನೂರಕ್ಕೆ ಆರು ಬಡ್ಡಿ. ಅಮ್ಮನ ಆಪರೇಷನ್ನಿಗೆ ನಗದಾಗಿ ತೆಗೆದ ನಲವತ್ತು ಸಾವಿರಕ್ಕೆ ಮೂವತ್ತಾರು. ಹೆಚ್ಚು ಉರಿಯುವುದನ್ನು ಮೊದಲು ಆರಿಸಬೇಕು ಎಂದು ತಿಂಗಳಿಗೆ ನಾಲ್ಕು ಸಾವಿರದ ಚೆಕ್ಕು ಬರೆದು, ಅಪ್ಪನ ಪದ್ಧತಿಯಂತೆ ಹಿಂಬದಿಯಲ್ಲಿ "ಇದು ಕಣ್ಣಿನ ಸಾಲಕ್ಕೆ" ಎಂದು ದುಂಡಗೆ ಬರೆಯುತ್ತಿದ್ದೆ. ನೀನು ಆಗ ಚಿಕ್ಕವಳು, ನನಗೆ ನೆನಪಿದೆ: ಬಟ್ಟೆ ಅಂಗಡಿಯವನಲ್ಲಿ ಅಪ್ಪನಿಗೆ ಎರಡು ಬಾಕಿ, ಒಂದಕ್ಕೆ ಬಡ್ಡಿ, ಇನ್ನೊಂದಕ್ಕೆ ಇಲ್ಲ. ಅವನು ಎಂಜಲು ಕೈಯಲ್ಲಿ ಕಾಗೆ ಓಡಿಸದ ಜಿಪುಣ. ಅವನೂ ಪೆನ್ನು ಎತ್ತುವ ಮೊದಲು "ಯಾವ್ದಕ್ಕೆ ಮುರ್ಕೊಳ್ಳಲಿ?" ಎಂದು ಕೇಳುತ್ತಿದ್ದ.

ಹೋದ ಮಂಗಳವಾರ ಇಸ್ತ್ರಿ ಅಂಗಿ ತೊಟ್ಟು, ಕಣ್ಣಿನ ಸಾಲ ತೀರುತ್ತಾ ಬಂದಿದೆ ಎಂಬ ಕಾಗದ ತರಲು ಬ್ಯಾಂಕಿಗೆ ಹೋದೆ. ಕೌಂಟರಿನ ಹುಡುಗಿ ಕಂಪ್ಯೂಟರಿನ ತೆರೆಯನ್ನು ನನ್ನ ಕಡೆ ತಿರುಗಿಸಿದಳು. ಹತ್ತೂ ಕಂತು ಆರರ ಬಡ್ಡಿಯ ಓದಿನ ಸಾಲಕ್ಕೇ ಹೋಗಿದೆ. ಅದು ನಲವತ್ತಮೂರು ಸಾವಿರಕ್ಕೆ ಇಳಿದಿದೆ. ಕಣ್ಣಿನ ಸಾಲ ಬೆಳೆದು ಐವತ್ತಮೂರು ಸಾವಿರ ದಾಟಿದೆ. ಚೆಕ್ಕುಗಳ ಹಿಂಬದಿಯ ಜೆರಾಕ್ಸು ಮುಂದಿಟ್ಟೆ. ಪಾಪ, ಅವಳಿಗೇ ನಾಚಿಕೆಯಾಯಿತು. "ಮಷೀನು ಹಿಂದುಗಡೆ ಓದಲ್ಲ ಸರ್," ಎಂದಳು. "ಕಡಿಮೆ ಬಡ್ಡೀದು ಮೊದಲು ತೀರ್ಸುತ್ತೆ. ರೂಲೇ ಹಾಗಿದೆ."

ಮ್ಯಾನೇಜರು ಟೀ ತರಿಸಿದರು, ನಾನು ಕುಡಿಯಲಿಲ್ಲ. ಕಾರ್ಡಿನ ಜೊತೆ ಬಂದ ಪುಸ್ತಕದಲ್ಲಿ ಎಲ್ಲ ಬರೆದಿದೆ ಎಂದರು. ಮನೆಗೆ ಬಂದು ಹುಡುಕಿದೆ, ನಿಜ. ಪಾವತಿಯನ್ನು ಬ್ಯಾಂಕು ತನಗೆ ಸೂಕ್ತವೆನಿಸಿದ ಕ್ರಮದಲ್ಲಿ ಹೊಂದಿಸಿಕೊಳ್ಳಬಹುದಂತೆ. ಇಪ್ಪತ್ತೈದು ವರ್ಷ ರಟ್ಟು ಕಟ್ಟಿದವನು, ಕೈಗೆ ಬಂದ ಪುಸ್ತಕವನ್ನೆಲ್ಲ ಓದಿಯೇ ಹೊಲಿದವನು ನಾನು. ಇದು ಪಿನ್ನು ಹೊಡೆದದ್ದು, ಪುಸ್ತಕವೇ ಅಲ್ಲ ಎಂದು ಡ್ರಾಯರಿಗೆ ಎಸೆದಿದ್ದೆ. ಓದದ ತಪ್ಪು ನನ್ನದು, ಒಪ್ಪಿದೆ. ಆ ಕ್ರಮ ಮಾತ್ರ ನನ್ನದಲ್ಲ. ಈಗ ಐವತ್ತಮೂರು ಸಾವಿರ ಒಟ್ಟಿಗೆ ಕಟ್ಟಿದರೂ ಮೊದಲು ಆರರ ಸಾಲವನ್ನೇ ತೀರಿಸುತ್ತಾರಂತೆ.

ಅದಕ್ಕೆ ಎರಡನ್ನೂ ಒಂದೇ ಏಟಿಗೆ ತೀರಿಸುತ್ತೇನೆ. ನನ್ನ ಕಾಗದ ಕತ್ತರಿಸುವ ಯಂತ್ರದ ಅಡಮಾನದ ಮೇಲೆ ನಮ್ಮ ಕೆಲಸಗಾರರ ಸಂಘ ನೂರಕ್ಕೆ ಹನ್ನೆರಡರಂತೆ ತೊಂಬತ್ತೇಳು ಸಾವಿರ ಕೊಡುತ್ತಿದೆ. ಅದನ್ನು ತೀರಿಸುವವನು ನಾನು, ನೀನಲ್ಲ. ಹೊಟ್ಟೆ ತುಂಬ ಉಣ್ಣು, ಡೆಕ್ಕಿನ ಮೇಲೆ ಗಾಳಿಗೆ ತಲೆ ಒಡ್ಡಬೇಡ. ಅಮ್ಮನ ಆಶೀರ್ವಾದ ಈ ಕಾಗದದೊಳಗೇ ಮಡಿಸಿಟ್ಟಿದೆ.

ನಿನ್ನ
ಅಣ್ಣ

ಮರೆತೆ: ಹಡಗಿನವರ ಕರಾರಿಗೆ ಸಹಿ ಹಾಕಬೇಡ. ಇದರ ಜೊತೆಗಿಟ್ಟ, ಪತ್ರಿಕೆಗೆಂದು ನಾನು ಬರೆದ ಕಾಗದಕ್ಕೆ ಹಾಕು. ಕಾರ್ಡು ನಿನ್ನ ಹೆಸರಲ್ಲಿರುವುದರಿಂದ ನಿನ್ನ ಸಹಿ ಇಲ್ಲದೆ ಪತ್ರಿಕೆಯವರು ಅಚ್ಚು ಹಾಕುವುದಿಲ್ಲ. ಅದರಲ್ಲಿರುವುದು ಬ್ಯಾಂಕಿನ ಅಧ್ಯಕ್ಷರಿಗೆ ಒಂದೇ ಪ್ರಶ್ನೆ: ಹಣ ಕೊಟ್ಟವರು ಯಾವ ಸಾಲಕ್ಕೆ ಎಂದು ಬರೆದುಕೊಟ್ಟಿದ್ದರೂ ಅದನ್ನು ಓದದೆ, ನಿಮಗೆ ಹೆಚ್ಚು ಬಡ್ಡಿ ತರುವ ಸಾಲವನ್ನೇ ಕೊನೆಗೆ ಉಳಿಸಿಕೊಳ್ಳುವುದು ಯಾವ ನ್ಯಾಯ? ಉತ್ತರವನ್ನು ನಮ್ಮ ಮನೆಗೆ ಕಳಿಸುವುದು ಬೇಡ, ಅದೇ ಪತ್ರಿಕೆಯಲ್ಲಿ, ಎಲ್ಲರೂ ಓದುವಂತೆ ಕೊಡಿ.