ಮಲೇರಿಯಾ ಅಂತಲೇ ಬರೆದೆ

ಫೆಬ್ರವರಿ 3, 1994. ಬೆಳಿಗ್ಗೆ 7
ಮತ್ತೆ ಜ್ವರ. ಕ್ಲಿನಿಕ್ ಬಾಗಿಲಲ್ಲಿ ಆಗಲೇ ಮೂವತ್ತು ಜನ. ಜಾಂಬಿಯಾದ ಈ ಲುವಾಂಗ್ವಾ ಕಣಿವೆಯಲ್ಲಿ ಮಳೆಗಾಲದ ಜ್ವರವೆಂದರೆ ಮಲೇರಿಯಾ. ಹದಿನಾಲ್ಕು ವರ್ಷದಿಂದ ನೋಡುತ್ತಿದ್ದೇನೆ. ಲ್ಯಾಬಿನ ಚಿರ್ವಾ ರಜೆ. ನನ್ನ ರಕ್ತದ ಸ್ಲೈಡು ನಾನೇ ಮಾಡಿದೆ. ಉಂಗುರದಂಥ ಮಲೇರಿಯಾ ರೋಗಾಣು ಕಂಡಿತು. ಎದ್ದೆ, ಮಾತ್ರೆ ನುಂಗಿದೆ.
ಕತ್ತಿನ ಕುರು ವಾಸಿಯಾಗಿಲ್ಲ. ಒಣಹಾಕಿದ ಬಟ್ಟೆಯಲ್ಲಿ ಮೊಟ್ಟೆಯಿಟ್ಟು, ಮರಿಯನ್ನು ನಮ್ಮ ಚರ್ಮಕ್ಕೆ ಇಳಿಸುವ ನೊಣದ್ದು. ಮೊಟ್ಟೆ ಸಾಯುವಂತೆ ಇಸ್ತ್ರಿ ಮಾಡದೆ ಅಂಗಿ ಹಾಕಿದ್ದಕ್ಕೆ ಬೇಕು ನನಗೆ.

ಫೆಬ್ರವರಿ 19
ಮಾತ್ರೆಯ ಮೂರನೇ ಕೋರ್ಸು. ಹೋದ ಜ್ವರ ಮರಳಿ ಬರುತ್ತದೆ. 'ಮದ್ದಿಗೆ ಬಗ್ಗದ ಮಲೇರಿಯಾ' ಎಂದು ರಿಜಿಸ್ಟರಿನಲ್ಲಿ ಬರೆದೆ. ಊಟಕ್ಕೆ ಕೂತಲ್ಲೇ ತೂಕಡಿಸಿದೆನಂತೆ. ಹೆಂಡತಿ ಮೆಲಿಯಾ ನಕ್ಕಳು.
"ಮಾಲಿಜಾನಿಯ ಅಪ್ಪಾ, ಅದು ನ್ಸಿಮಾ ಮುದ್ದೆ, ತಲೆದಿಂಬಲ್ಲ!"

ಮಾರ್ಚ್ 11, ಶುಕ್ರವಾರ
ರಜೆ ಮುಗಿಸಿ ಚಿರ್ವಾ ಬಂದ. ಹಳೆ ಸ್ಲೈಡುಗಳನ್ನು ತೊಳೆಯುವ ಮೊದಲು ಒಂದೊಂದೇ ನೋಡುವುದು ಅವನ ಚಾಳಿ. ಕರೆದ.
"ಸರ್, ಇದು ಯಾರ್ದು?"
"ನಂದೇ. ಮಲೇರಿಯಾ."
"ಉಂಗುರ ಇದೆ, ಇಲ್ಲ ಅನ್ನಲ್ಲ. ಒಂಚೂರು ಪಕ್ಕಕ್ಕೆ ಸರಿಸಿ."
ಸರಿಸಿದೆ. ಬಾಲವಿರುವ ಹುಳ... ಒಂದಲ್ಲ, ಮೂರು. ಸೆಟ್ಸೆ ನೊಣ ಕಚ್ಚಿ ಹರಡುವ ನಿದ್ದೆ ರೋಗ. ಕತ್ತಿನ ಕುರುವೂ ಅದು ಕಚ್ಚಿದ್ದೇ.
ಇಲ್ಲಿ ಎಷ್ಟೋ ಜನರ ರಕ್ತದಲ್ಲಿ ಮಲೇರಿಯಾ ಸುಮ್ಮನೆ ಬಿದ್ದಿರುತ್ತದೆ, ಅದು ಸಿಕ್ಕಿತೆಂದು ಹುಡುಕುವುದನ್ನು ನಿಲ್ಲಿಸಬೇಡಿ—ನರ್ಸುಗಳಿಗೆ ಈ ಪಾಠ ಹೇಳಿದವನೇ ನಾನು.
ಜೇನು ಕೀಳುವ ಯಾಫೆತಿಗೂ ಮಲೇರಿಯಾ ಅಂತಲೇ ಬರೆದು ಕಳಿಸಿದ್ದೆ. ಮೂರು ಸಲ. ಆಮೇಲೆ ಹುಚ್ಚು ಹಿಡಿದು ಸತ್ತನೆಂದರು. ದೇವರೇ.

ಅದೇ ದಿನ, ಸಂಜೆ
ಮೆಲಿಯಾಗೆ ಹೇಳಿದೆ. ಮೊದಲು ಸಿಟ್ಟು.
"ನೀಲಿ ಬಟ್ಟೆ ಬೇಡ, ಸೆಟ್ಸೆ ನೊಣ ಮುತ್ತುತ್ತೆ ಅಂತ ಊರಿಗೆಲ್ಲ ಸಾರ್ತೀರಿ. ಕಾಡಿನ ದಾರೀಲಿ ಬೈಕ್ ಓಡಿಸೋರ ಕೋಟು ಯಾವ ಬಣ್ಣ?"
ನೀಲಿ. ಸರ್ಕಾರ ಕೊಟ್ಟದ್ದು. ಕಾಡಿನವರಿಗೆ ಬರುವ ರೋಗ ಡಾಕ್ಟರಿಗೆ ಬರುವುದಿಲ್ಲ ಎಂದುಕೊಂಡಿದ್ದೆನೇ? ಹೌದು, ಹಾಗೇ ಅಂದುಕೊಂಡಿದ್ದೆ. ಆಮೇಲೆ ಅವಳು ಅತ್ತಳು.

ಮಾರ್ಚ್ 12
ಜಿಲ್ಲಾಸ್ಪತ್ರೆಯಲ್ಲಿ ಬೆನ್ನುಹುರಿಯ ನೀರು ತೆಗೆದು ನೋಡಬೇಕು. ಹುಳ ತಲೆಗೆ ಏರಿದ್ದರೆ ಕೊಡುವ ಮದ್ದೇ ಕೆಲವರನ್ನು ಕೊಲ್ಲುತ್ತದೆ. ಕೊಡದಿದ್ದರೆ ಯಾರೂ ಉಳಿಯುವುದಿಲ್ಲ. ಅಲ್ಲಿಗೆ ಹೋಗುವ ಲಾರಿ ಬರುವುದು ಮಂಗಳವಾರ.
ಭಯವಾಗುತ್ತಿದೆ. ಸಾವಿಗಿಂತ ಇದಕ್ಕೆ: ಯೋಚಿಸುವ ಜಾಗವೇ ಕೆಟ್ಟರೆ, ಕೆಟ್ಟಿದೆ ಎಂದು ನನಗೆ ಹೇಳುವವರು ಯಾರು? ಇವತ್ತು ಮಗಳ ಹೆಸರು ನೆನಪಾಗಲು ತಡವಾಯಿತು.
ಮೆಲಿಯಾಳನ್ನು ಕೂರಿಸಿಕೊಂಡೆ.
"ಮಂಗಳವಾರ ನಾನು ಎಷ್ಟೇ ಬುದ್ಧಿವಂತನ ಹಾಗೆ ಮಾತಾಡಿದ್ರೂ ಕೇಳ್ಬೇಡ. ಕಟ್ಟಿಯಾದ್ರೂ ಲಾರಿ ಹತ್ತಿಸು."
"ನಿಮ್ಮನ್ನ? ಕಟ್ಟೋದಾ?"
"ಕಟ್ಟು. ಚಿರ್ವಾನ ಕರ್ಕೋ."

ಮಾರ್ಚ್ 15, ಮಂಗಳವಾರ
ಜ್ವರವಿಲ್ಲ. ತಲೆ ತಿಳಿಯಾಗಿದೆ. ಕೂತು ಯೋಚಿಸಿದೆ. ಬರೆಯುತ್ತಿದ್ದೇನೆ, ಆದ್ದರಿಂದ ಹುಳ ತಲೆಗೆ ಏರಿಲ್ಲ. ಏರಿಲ್ಲ, ಆದ್ದರಿಂದ ಅವಸರವಿಲ್ಲ. ರಸ್ತೆಯೆಲ್ಲ ಕೆಸರು. ಮುಂದಿನ ವಾರ ಹೋದರಾಯಿತು. ಹದಿನಾಲ್ಕು ವರ್ಷದ ಅನುಭವ ಸುಮ್ಮನೆ ಅಲ್ಲ.
ಹೊರಗೆ ಲಾರಿ ಹಾರ್ನ್. ಹೋಗುವುದಿಲ್ಲ ಎಂದೆ, ಕಾರಣಗಳನ್ನೂ ಹೇಳಿದೆ. ಮೆಲಿಯಾ ಅಳುತ್ತಿದ್ದಾಳೆ. ಚಿರ್ವಾ ಬಾಗಿಲಿಗೆ ಅಡ್ಡ ನಿಂತಿದ್ದಾನೆ. ಅವಳ ಕೈಯಲ್ಲಿ ಹಗ್ಗ! ಕಟ್ಟಿಕೊಂಡ ಗಂಡನನ್ನು ಮೇಕೆಯ ಹಾಗೆ ಕಟ್ಟಲು ಬಂದಿದ್ದಾಳೆ. ಇಂಥ ಕೆಟ್ಟ ಬುದ್ಧಿ ಇವಳಿಗೆ ಯಾರು ಹೇಳಿಕೊ—